ದಿಕ್ಕು ಬದಲಿಸಿದ ಹಂಡೆ

ಒತಾಕಿಗೆ ಇದ್ದದ್ದು ಒಂದೇ ಕಬ್ಬಿಣದ ಹಂಡೆ. ಜಪಾನಿನ ಒಸಾಕಾ ನಗರದ ತೆನ್ಮಾ ಕೇರಿಯಲ್ಲಿ ಆಕೆ ಅದರಲ್ಲಿ ಮೂಲಂಗಿ ಬೇಯಿಸಿ ಮಾರುತ್ತಿದ್ದಳು. ಹಂಡೆ ಹೋದರೆ ಅಂಗಡಿಯಿಲ್ಲ. ಅಂಗಡಿ ಹೋದರೆ ಅನ್ನವಿಲ್ಲ. ಅದು ಮಹಾಯುದ್ಧದ ಕಾಲ; ಯುದ್ಧನೌಕೆಗಳಿಗೆ ಕಬ್ಬಿಣ ಬೇಕೆಂದು ಸರ್ಕಾರ ಮನೆಮನೆಯ ಪಾತ್ರೆಗಳನ್ನು ಎತ್ತುತ್ತಿತ್ತು. ಬೌದ್ಧ ಮಂದಿರದ ಗಂಟೆ ಆಗಲೇ ಹೋಗಿತ್ತು. ನಾಳೆ ಗಾಡಿ ಬರುತ್ತದೆಂದು ಕೇರಿಯ ಯಜಮಾನ ಇಗರಾಶಿ ಸಾರಿದ್ದ.

ಅದೇ ಸಂಜೆ ರೇಡಿಯೋ ಒಂದು ಸುದ್ದಿ ಕೊಟ್ಟಿತು. ದಕ್ಷಿಣದ ದ್ವೀಪವೊಂದರಲ್ಲಿ ನಮ್ಮ ಸೇನೆಯು ಉದ್ದೇಶವನ್ನು ಸಾಧಿಸಿ, ದಿಕ್ಕು ಬದಲಿಸಿ ಮುನ್ನಡೆದಿದೆ. ಕೇರಿಯವರೊಡನೆ ನಲ್ಲಿಯ ಬಳಿ ನಿಂತಿದ್ದ ಒತಾಕಿಗೆ ಬಾಯಿ ತಡೆಯಲಿಲ್ಲ.

"ಅಂದ್ರೆ ನಮ್ಮೋರು ಕಾಲ್ಕಿತ್ರು ಅಂತ ತಾನೆ, ಯಜಮಾನ್ರೇ?"

ಇಗರಾಶಿಯ ಮೀಸೆ ನೆಟ್ಟಗಾಯಿತು. "ಬಾಯಿಗೆ ಬೀಗ ಹಾಕ್ಕೊಳಮ್ಮ! ಅಡಗೋದು, ಓಡೋದು ಬೇರೆ. ದಿಕ್ಕು ಬದಲಿಸಿ ಮುನ್ನಡೆಯೋದು ಬೇರೆ. ಇನ್ನೊಂದ್ಸಲ ಹಂಗಂದ್ರೆ ಪೊಲೀಸ್ರಿಗೆ ಹೇಳ್ಬೇಕಾಗುತ್ತೆ."

"ಹಂಗಾದ್ರೆ ಇದು ಗೌರವದ ಕೆಲಸ ಅನ್ನಿ."

"ಬಹಳ ಗೌರವದ್ದು. ಎಲ್ಲರೂ ಕೇಳಿಸ್ಕೊಳ್ಳಿ!"

ಎಲ್ಲರೂ ಕೇಳಿಸಿಕೊಂಡರು. ಒತಾಕಿ ಎರಡು ಬಾರಿ ಯೋಚಿಸಿ, ಬಕೆಟ್ಟನ್ನು ಅಲ್ಲೇ ಬಿಟ್ಟು, ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಿದ್ದ ಗೆಳತಿ ಕಿನುವಿನ ಹಿತ್ತಿಲ ಕಡೆಗೆ ನಡೆದಳು.

ಬೆಳಿಗ್ಗೆ ನಗರಸಭೆಯ ಗುಮಾಸ್ತ ಗಾಡಿಯೊಡನೆ ಬಂದ. ಇಗರಾಶಿ ಅಂಗಡಿಯ ಪರದೆ ಸರಿಸಿ ನೋಡಿದರೆ ಒಲೆಯ ಮೇಲೆ ಏನೂ ಇಲ್ಲ.

"ಹಂಡೆ ಎಲ್ಲಮ್ಮ?"

ಒತಾಕಿ ಸೊಂಟ ಬಾಗಿಸಿ ನಮಸ್ಕರಿಸಿದಳು. "ದಿಕ್ಕು ಬದಲಿಸಿ ಮುನ್ನಡೀತು, ಯಜಮಾನ್ರೇ."

"ಏನಾಟ ಇದು! ಬಚ್ಚಿಟ್ಟಿದೀಯ!"

"ಬಿಡ್ತು ಅನ್ನಿ! ಅಡಗೋದೇ ಬೇರೆ, ಇದೇ ಬೇರೆ ಅಂತ ನೀವೇ ಹೇಳಿದ್ರಲ್ಲ. ಎರಡೂ ಒಂದೇ ಅಂತೀರೋ? ಹೇಳಿ, ಗುಮಾಸ್ತರೂ ಕೇಳ್ತಿದಾರೆ."

ಅಷ್ಟರಲ್ಲಿ ನೆರೆದಿದ್ದವರ ಹಿಂದಿನಿಂದ ಕಿನು ಕೂಗಿದಳು: "ಉದ್ದೇಶ ಸಾಧಿಸಿಯೇ ಹೋಯ್ತು ಕಣ್ರೀ! ನಿನ್ನೆ ಮೂಲಂಗಿಯೆಲ್ಲ ಖರ್ಚಾದ್ಮೇಲೇ ಹೊರಟಿದ್ದು."

ಇಗರಾಶಿ ಲೆಕ್ಕ ಹಾಕುವುದನ್ನು ಒತಾಕಿ ನೋಡುತ್ತ ನಿಂತಳು. ಹಂಡೆ ಅಡಗಿದೆ ಎಂದರೆ ಸೇನೆ ಓಡಿದೆ ಎಂದಾಗುತ್ತದೆ. ಸೇನೆ ಓಡಿಲ್ಲವೆಂದರೆ ಹಂಡೆ ಅಡಗಿಲ್ಲ. ಅವನ ಕಿವಿಗಳು ಕೆಂಪಾದವು.

"ಹೌದು ಸಾಹೇಬ್ರೇ," ಎಂದು ಕೊನೆಗೆ ಗುಮಾಸ್ತನಿಗೆ ಹೇಳಿದ. "ಹಂಡೆ ಮುನ್ನಡೆದಿದೆ."

ಗುಮಾಸ್ತ ಕೆಮ್ಮಿನಲ್ಲಿ ನಗು ಮುಚ್ಚಿದ. "ಸಂತೋಷ. ಆದ್ರೆ ನಿಮ್ಮ ಕೇರಿಯಿಂದ ಬರ್ಬೇಕಾದ ಕಬ್ಬಿಣದ ತೂಕ ತುಂಬಲೇಬೇಕು. ಯಾರ ಮನೆಯದಾದ್ರೂ ಸರಿ."

ಕೇರಿಯೆಲ್ಲ ಯಜಮಾನನ ಬಾಗಿಲಿನತ್ತ ತಿರುಗಿತು. ಅಲ್ಲಿ ಅವನ ಹೆಂಡತಿ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಆಗಲೇ ಹೊಸಲಿನವರೆಗೆ ಎಳೆದು ತಂದಿದ್ದಳು. "ದೇಶಕ್ಕಲ್ವೇನ್ರೀ? ಹಿಡೀರಿ ಆ ಕಡೆ," ಎಂದಳು.

ಆ ವರ್ಷ ಚಳಿ ಬೇಗ ಬಿಡಲಿಲ್ಲ. ವಾರದೊಳಗೆ ಒಂದು ಸಂಜೆ, ಕಿನುವಿನ ಸ್ನಾನದ ಮನೆಯ ಹಿತ್ತಿಲಲ್ಲಿ, ಒತಾಕಿಯ ಹಂಡೆ ಕುದಿಯುತ್ತಿದ್ದ ಸೌದೆ ಕೊಟ್ಟಿಗೆಯ ಮುಂದೆ ಇಗರಾಶಿ ಬಂದು ನಿಂತ. ದಾರಿ ತೋರಿಸಿದವರು ಯಾರೆಂದು ಒತಾಕಿ ಕೇಳಲಿಲ್ಲ; ಸೋಯಾ ರಸದ ಘಮ ಬೀದಿಯ ತಿರುವಿನವರೆಗೂ ಹೋಗುತ್ತಿತ್ತು. ಅವನು ಚಳಿ ಕಾಯಿಸಿಕೊಳ್ಳಲು ಹಂಡೆಯ ಬದಿಗೆ ಎರಡು ಕೈಗಳನ್ನೂ ಚಾಚಿದ.

ಒತಾಕಿ ಇದ್ದುದರಲ್ಲಿ ದಪ್ಪನೆಯ ಮೂಲಂಗಿ ಹುಡುಕಿ ಬಟ್ಟಲಿಗೆ ಹಾಕಿದಳು.

"ಸುಡುತ್ತೆ, ಊದ್ಕೊಂಡು ತಿನ್ನಿ ಯಜಮಾನ್ರೇ. ಕಾಸು ಮಾತ್ರ ಮೊದ್ಲು ಇಟ್ಬಿಡಿ."