ಎಡಗೈ ಪೆಟ್ಟಿಗೆ

ಎಂಟನೆಯ ತಂತಿಗೆ ಬೆಸುಗೆ ಹಿಡಿಯಲಿಲ್ಲ. ಪ್ರಭಾವತಿ ಕಾದ ಕಡ್ಡಿಯನ್ನು ಪಕ್ಕಕ್ಕಿಟ್ಟು, ಬ್ಲೇಡಿನ ತುದಿಯಿಂದ ತಂತಿ ಕೂರಬೇಕಾದ ಜಾಗವನ್ನು ಮತ್ತೊಮ್ಮೆ ಕೆರೆದಳು. ಮೇಲಿನ ಕಪ್ಪು ಲೇಪ ಪೂರ್ತಿ ಹೋಗಬೇಕು, ಕೆಳಗಿನ ತಾಮ್ರ ಕಾಣಬೇಕು, ಆಗಷ್ಟೇ ಹಿಡಿಯುತ್ತದೆ. ಹದಿನೆಂಟು ವರ್ಷಗಳಿಂದ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಇದನ್ನೇ ಹೇಳಿಕೊಡುತ್ತ ಬಂದಿದ್ದಳು. ಹೇಳಿಕೊಡುವಾಗ ಅದಕ್ಕೆ ಬೇರೆ ಅರ್ಥವೇನೂ ಇರುತ್ತಿರಲಿಲ್ಲ.

"ಏನದು ಸುಟ್ಟ ವಾಸನಿ?" ಅಡುಗೆಮನೆಯಿಂದ ಅತ್ತೆ ಸತ್ಯವ್ವ ಕೇಳಿದಳು.

"ಏನಿಲ್ರಿ ಅತ್ತಿ. ಮುಗೀತು."

"ಮುಗೀತು ಮುಗೀತು ಅಂತ ಮುಂಜಾನಿಂದ ಹೇಳಾಕತ್ತೀ. ಐತವಾರ ಒಂದ ದಿನ ಸಿಗತೈತಿ, ಅದನ್ನೂ ತಂತಿಗೆ ಸುರದಿ."

ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಅಂಬರೀಷ ಈ ಕಡೆ ನೋಡುತ್ತಿದ್ದ. ನೋಡುತ್ತಿದ್ದನೋ, ಅವನ ಕಣ್ಣುಗಳು ಸುಮ್ಮನೆ ಈ ಕಡೆ ಇದ್ದವೋ, ಅವಳಿಗೆ ಈಗೀಗ ತಿಳಿಯುತ್ತಿರಲಿಲ್ಲ. ಲಕ್ವಾ ಹೊಡೆದು ನಾಲ್ಕು ತಿಂಗಳಾಗಿತ್ತು. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಎರಡು ತಿಂಗಳಿಗೆ ಮಾತು ತಿರುಗಿ ಬಂತು. ಅವ್ವನ ಜೊತೆ ಬಂತು, ಕಚೇರಿಯ ಗೆಳೆಯ ಚನ್ನಯ್ಯನ ಜೊತೆ ಬಂತು, ಹಾಲಿನವನ ಜೊತೆಗೂ ಬಂತು. ಹೆಂಡತಿಯ ಜೊತೆ ಬರಲಿಲ್ಲ. ನೀರು, ಗುಳಗಿ, ದೀಪ ಆರಿಸು. ಅಷ್ಟೇ.

ಮೇಜಿನ ಮೇಲೆ ಹಳೆಯ ಟಿವಿ ಗೇಮು ಇತ್ತು. ತೊಂಬತ್ತನಾಲ್ಕರಲ್ಲಿ, ಮದುವೆಯಾದ ಮರುವರ್ಷ, ಅವನು ಕೊಂಡು ತಂದದ್ದು. ಜೊತೆಗೆ ಕೈಯಲ್ಲಿ ಹಿಡಿದು ಆಡಿಸುವ ಎರಡು ಪ್ಯಾಡು. ಹನ್ನೆರಡು ವರ್ಷ, ಐತವಾರ ಬಂತೆಂದರೆ ಅವನೂ ಚನ್ನಯ್ಯನೂ ಟಿವಿ ಮುಂದೆ ಕೂತು ಹೊಡೆದಾಡುತ್ತಿದ್ದರು. ಅವಳು ಚಹಾ ಮಾಡುತ್ತಿದ್ದಳು. ಪ್ಯಾಡಿನ ತಂತಿ ಹರಿದಾಗಲೆಲ್ಲ ಬೆಸೆದು ಕೊಟ್ಟವಳು ಅವಳೇ. ಟಿವಿ ಹಚ್ಚಿರುವಾಗ ಪ್ಯಾಡು ಅವಳ ಕೈಗೆ ಬಂದದ್ದಿಲ್ಲ. ಕೊಡಿರೆಂದು ಅವಳು ಕೇಳಿದ್ದೂ ಇಲ್ಲ.

ಅದರ ಪಕ್ಕದಲ್ಲಿದ್ದದ್ದು ಮುಂಬೈಯಿಂದ ತರಿಸಿದ ಹೊಸ ಪೆಟ್ಟಿಗೆ. ವಿಡಿಯೋ ಗೇಮಿನ ಅಂಗಡಿಗಳಲ್ಲಿ ಇರುವಂಥದು. ಎಡಗೈಗೆ ಒಂದು ಕೋಲು, ಕೋಲಿನ ತುದಿಗೆ ಕೆಂಪು ಗುಂಡು. ಬಲಕ್ಕೆ ಡಬ್ಬಿಯ ಮುಚ್ಚಳದಷ್ಟು ದೊಡ್ಡ ಗುಂಡಿಗಳು. ಸಣ್ಣ ಪ್ಯಾಡಿಗೆ ಎರಡು ಹೆಬ್ಬೆರಳು ಬೇಕು. ಇದಕ್ಕೆ ಬೇಡ. ಬಲಗೈ ಎರಡು ಇಂಚು ಎದ್ದು ಬಿದ್ದರೆ ಸಾಕು, ಬಿದ್ದ ಭಾರಕ್ಕೇ ಗುಂಡಿ ಒತ್ತುತ್ತದೆ. ಕೈಗೆ ವ್ಯಾಯಾಮವಾಗಲಿ ಎಂದು ಡಾಕ್ಟರೂ ಹೇಳಿದ್ದರು.

ಆದರೆ ಪೆಟ್ಟಿಗೆ ಕಂಪ್ಯೂಟರಿಗೆಂದು ಮಾಡಿದ್ದು. ಅದರ ಚಪ್ಪಟೆ ಪ್ಲಗ್ಗು ಹಳೆಯ ಯಂತ್ರದ ಒಂಬತ್ತು ಸೂಜಿಯ ಬಾಯಿಗೆ ಹೋಗುವಂತಿರಲಿಲ್ಲ. ಹೋದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವಳು ಎರಡು ಪ್ಯಾಡುಗಳಲ್ಲಿ ಒಂದನ್ನು ಬಿಚ್ಚಿ, ಒಳಗಿನ ಸರ್ಕ್ಯೂಟ್ ಹಲಗೆಯನ್ನೂ ಅದರ ತಂತಿಯನ್ನೂ ಪ್ಲಗ್ಗು ಸಮೇತ ತೆಗೆದು ಹೊಸ ಪೆಟ್ಟಿಗೆಯೊಳಗೆ ಕೂಡಿಸಿದ್ದಳು. ಕೋಲಿನಿಂದ, ಗುಂಡಿಗಳಿಂದ ಒಂದೊಂದೇ ತಂತಿ ಎಳೆದು ಆ ಹಲಗೆಗೆ ಬೆಸೆದಿದ್ದಳು. ಬಿಚ್ಚಿದ ಪ್ಯಾಡಿನ ಖಾಲಿ ಚಿಪ್ಪಿಗೆ ತಿರುಗಿ ಸ್ಕ್ರೂ ಹಾಕಿದಳು. ಹಾಕುವ ಅಗತ್ಯವಿರಲಿಲ್ಲ. ಬಿಸಾಡಲು ಮನಸ್ಸಾಗಲಿಲ್ಲ.

ಇದಿಷ್ಟೂ ನಲವತ್ತು ನಿಮಿಷದ ಸಲುವಾಗಿ.

ಲಕ್ವಾ ಹೊಡೆದ ದಿನ ಪಾಲಿಟೆಕ್ನಿಕ್ಕಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ಜವಾನ ಅರ್ಜುನಪ್ಪ ಬಾಗಿಲಲ್ಲಿ ನಿಂತು, "ಮೇಡಂ, ಮನಿಯಿಂದ ಫೋನ್ ಬಂದೈತ್ರಿ. ಯಜಮಾನರಿಗೆ ಆರಾಮಿಲ್ಲಂತ," ಅಂದ. ಅಂಬರೀಷನಿಗೆ ಆಗಾಗ ಆರಾಮಿರುತ್ತಿರಲಿಲ್ಲ. ತಲೆನೋವು ಬಂದರೂ ಫೋನು, ಹೊಟ್ಟೆಯುಬ್ಬರವಾದರೂ ಫೋನು. "ಈ ಹುಡುಗರನ್ನ ಮುಗಿಸಿ ಬರ್ತಾರಂತ ಹೇಳು," ಅಂದಳು. ಜೊತೆಗೆ ಇನ್ನೊಬ್ಬ ಪರೀಕ್ಷಕರಿದ್ದರು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಆ ನಲವತ್ತು ನಿಮಿಷ ಮನೆಯಲ್ಲಿ ಸತ್ಯವ್ವ, ಕಲಿತ ಸೊಸೆ ಬಂದು ಏನು ಮಾಡಬೇಕೋ ಹೇಳಲಿ ಎಂದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಿದ್ದಳು. ಸ್ವಲ್ಪ ಮೊದಲು ಕರೆತಂದಿದ್ದರೆ ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ಬಿಟ್ಟಿದ್ದರು.

ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟವಾಗಿತ್ತು. ಅವನು ಬೈದರೆ ಅವಳು ಅಳಬಹುದಿತ್ತು, ಇಲ್ಲವೆ ತಿರುಗಿ ಬೈಯಬಹುದಿತ್ತು. ಅವನೇ ಬಾಯಿಬಿಟ್ಟು ಒಂದು ಮಾತು ಕೇಳಲಿ ಎಂದು ನಾಲ್ಕು ತಿಂಗಳಿಂದ ಕಾದಿದ್ದಳು. ಕೇಳಿದರೆ ಹೇಳಲಾರದ್ದೊಂದು ಅವಳಲ್ಲಿತ್ತು: ಆ ನಲವತ್ತು ನಿಮಿಷ ಅವಳಿಗೆ ಹಿತವಾಗಿತ್ತು. ಅವನು ಕರೆದಾಗ ಎದ್ದು ಓಡದೆ ಕೂತದ್ದು ಅದೇ ಮೊದಲ ಸಲ.

ಎಂಟನೆಯ ತಂತಿ ಹಿಡಿಯಿತು.

ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಟ್ಟು, ಬಲಗೈಯನ್ನು ಎತ್ತಿ ಗುಂಡಿಗಳ ಮೇಲೆ ಇರಿಸಿದಳು. ಆ ಕೈ ಬೆಚ್ಚಗಿತ್ತು. ಟಿವಿ ಹಚ್ಚಿದಳು. ಅಂಗಿಯಿಲ್ಲದ ಇಬ್ಬರು ಸಣ್ಣ ಮನುಷ್ಯರು ಮುಷ್ಟಿ ಎತ್ತಿ ಎದುರುಬದುರು ನಿಂತರು. ಅವನು ಕೋಲು ದೂಡಿದ. ಎಡಗಡೆಯವನು ಮುಂದೆ ಹೋದ. ಬಲಗೈ ನಡುಗಿ ಚೂರು ಎದ್ದು ಬಿತ್ತು. ಎಡಗಡೆಯವನು ಒದ್ದ.

ಅಂಬರೀಷನ ಮುಖದ ಒಂದು ಪಕ್ಕ ಅರಳಿತು. ಇನ್ನೊಂದು ಪಕ್ಕಕ್ಕೆ ಸುದ್ದಿ ಮುಟ್ಟಲಿಲ್ಲ.

"ಹೆಂಗೈತ್ರಿ?" ಅಂದಳು. ದನಿ ತನಗೇ ಸಣ್ಣದಾಗಿ ಕೇಳಿಸಿತು.

"ಚನ್ನಯ್ಯಗ ಫೋನ್ ಹಚ್ಚು."

ಚನ್ನಯ್ಯ ನಾಲ್ಕಕ್ಕೆ ಬಂದ. ಬರುವಾಗಲೇ ಬಾಗಿಲಲ್ಲಿ ನಕ್ಕ. ಮಂಚದ ಆಚೆ ಕುರ್ಚಿ ಎಳೆದುಕೊಂಡು, ಉಳಿದಿದ್ದ ಒಳ್ಳೆಯ ಪ್ಯಾಡನ್ನು ಹಿಡಿದು ಕೂತ. ಅಡುಗೆಮನೆಗೆ ಅವರ ಮಾತು ಕೇಳಿಸುತ್ತಿತ್ತು.

"ಏನಲೇ ಅಂಬ್ರ್ಯಾ, ಒಂದ ಕೈಲೆ ಕೆಡವಿದೆಲ್ಲೋ ನನ್ನ."

"ನಿನ್ನ ಕೆಡವಾಕ ಎರಡ ಕೈ ಯಾಕ ಬೇಕಲೇ?"

"ಆಫೀಸಿನ್ಯಾಗ ಹೇಳಬ್ಯಾಡ ಮಾರಾಯಾ. ಮೊದಲ ಮರ್ಯಾದಿ ಕಮ್ಮಿ ಐತಿ."

ಅವಳು ಚಹಾದ ಕಪ್ಪುಗಳನ್ನು ಹಿಡಿದು ಬಂದಳು. ಚನ್ನಯ್ಯ ಪೆಟ್ಟಿಗೆಯನ್ನು ತಟ್ಟಿ ನೋಡುತ್ತಿದ್ದ.

"ಭಾಳ ಛಲೋ ಮಾಡ್ಯಾರ. ಎಲ್ಲಿ ಮಾಡಿಸಿದಿ?"

"ಗೋಕುಲ ರೋಡಿನ್ಯಾಗ," ಅಂದ ಅಂಬರೀಷ. "ಒಬ್ಬಾಂವ ಅದಾನ. ಕೈ ಸ್ವಚ್ಛ ಐತಿ ಅವಂದು."

ಅವಳು ಚನ್ನಯ್ಯನ ಕೈಗೆ ಕಪ್ಪು ಕೊಟ್ಟಳು. ಎಡಗೈಯ ಹೆಬ್ಬೆರಳಿನಲ್ಲಿ ಮುಂಜಾನೆ ಸುಟ್ಟುಕೊಂಡ ಜಾಗ ಚುರುಗುಟ್ಟುತ್ತಿತ್ತು.

"ಹೌದ್ರಿ ವೈನಿ? ಅವನ ಪತ್ತೆ ಕೊಡ್ರಿ ಮತ್ತ. ನಮ್ಮ ಮನ್ಯಾಗ ಮಿಕ್ಸರ್ ಕೆಟ್ಟ ಕುಂತೈತಿ."

ಬಾಗಿಲಲ್ಲಿ ನಿಂತಿದ್ದ ಸತ್ಯವ್ವ ಮಗನ ಮುಖ ನೋಡಿ, ಸೊಸೆಯ ಮುಖ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಂವ ಅಂಗಡಿ ಮುಚ್ಚ್ಯಾನ್ರಿ," ಅಂದಳು ಪ್ರಭಾವತಿ. "ಸಕ್ಕರಿ ಸಾಕೇನ್ರಿ?"

"ಸಾಕ್ರಿ. ಅಲ್ಲ, ಇಂಥಾ ಕೈ ಇದ್ದಾಂವ ಯಾಕ ಮುಚ್ಚಿದ?"

"ಯಾರಿಗ್ಗೊತ್ರಿ."

ಒಳಗೆ ಬಂದು ಸೋಲ್ಡರಿಂಗ್ ಕಡ್ಡಿ, ಬ್ಲೇಡು, ತಂತಿಯ ತುಂಡುಗಳನ್ನು ಡಬ್ಬಿಗೆ ತುಂಬಿದಳು. ನಾಚಿಕೆಗೆ ಹಾಗೆ ಹೇಳಿರಬಹುದೆ? ಹೆಂಡತಿ ಮಾಡಿಕೊಟ್ಟಳು ಎನ್ನುವುದು ಅಷ್ಟು ಸಣ್ಣ ಮಾತೆ? ಸಿಟ್ಟು ಬರಲೆಂದು ಕಾದಳು. ಬಂದದ್ದು ಒಂದು ಬಗೆಯ ಸಮಾಧಾನ. ಪೆಟ್ಟು ಬಿದ್ದ ಮೇಲೆ ಲೆಕ್ಕ ಸರಿಹೋಗಬೇಕಲ್ಲ.

ಚನ್ನಯ್ಯ ಹೋಗುವಾಗ ಕೆಲಗೇರಿ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಅವಳು ಕಪ್ಪುಗಳನ್ನು ಎತ್ತಿಕೊಳ್ಳಲು ಒಳಗೆ ಬಂದಾಗ ಟಿವಿ ಇನ್ನೂ ನಡೆದಿತ್ತು. ಅಂಬರೀಷ ಇಬ್ಬರ ಆಟವನ್ನೇ ಮತ್ತೆ ಹಚ್ಚಿದ್ದ. ಬಲಗಡೆಯವನನ್ನು ಆಡಿಸುವವರು ಯಾರೂ ಇರಲಿಲ್ಲ. ಚನ್ನಯ್ಯನ ಪ್ಯಾಡು ಕುರ್ಚಿಯ ಮೇಲೆ ಹಾಗೇ ಬಿದ್ದಿತ್ತು.

"ಕೂಡು," ಅಂದ ಅಂಬರೀಷ.

ಅವಳು ನಿಂತೇ ಇದ್ದಳು.

"ಕೂಡು. ಆಡು."

ಕಪ್ಪುಗಳನ್ನು ನೆಲಕ್ಕಿಟ್ಟು ಮಂಚದ ತುದಿಯಲ್ಲಿ ಕೂತಳು. ಎದೆ ಹೊಡೆದುಕೊಳ್ಳುತ್ತಿತ್ತು. ನಲವತ್ತೆರಡು ವರ್ಷದ ಹೆಂಗಸಿಗೆ ಇದು ತಮಾಷೆಯೇ ಸರಿ. ಅವನು ಟಿವಿಯಿಂದ ಕಣ್ಣು ತೆಗೆಯದೆ ಎಡಗೈಯನ್ನು ದಿಂಬಿನ ಪಕ್ಕಕ್ಕೆ ಹಾಕಿ, ತಡಕಿ, ಒಂದು ಪ್ಯಾಡನ್ನು ತೆಗೆದು ಅವಳ ಮಡಿಲಲ್ಲಿ ಇಟ್ಟ.

ನೋಡುವ ಮೊದಲೇ ತೂಕ ಹೇಳಿತು, ಒಳಗೆ ಏನೂ ಇಲ್ಲ. ತಂತಿಯೂ ಇಲ್ಲ. ಅವಳೇ ಮುಂಜಾನೆ ಸ್ಕ್ರೂ ಹಾಕಿದ ಚಿಪ್ಪು. ಅದನ್ನು ಮೇಜಿನ ಮೇಲೆ ಬಿಟ್ಟಿದ್ದಳು. ದಿಂಬಿನ ಹತ್ತಿರ ಯಾರು ತಂದರೋ. ಒಳ್ಳೆಯದು ಕುರ್ಚಿಯ ಮೇಲಿತ್ತು, ಎರಡು ಮೊಳ ದೂರ. ಕೈ ಚಾಚಿದರೆ ಸಿಗುವಂಥದು.

"ಅವತ್ತ ಎಷ್ಟ ಹುಡುಗರು ಉಳದಿದ್ರು?" ಅಂದ. ದನಿಯಲ್ಲಿ ಏನೂ ಇರಲಿಲ್ಲ.

ಅವಳು ನಾಲ್ಕು ತಿಂಗಳಿಂದ ಕಾದಿದ್ದ ಪ್ರಶ್ನೆ ಇಷ್ಟು ಚಿಕ್ಕದಾಗಿ ಬರುತ್ತದೆಂದು ಎಣಿಸಿರಲಿಲ್ಲ.

"ಮೂರ ಮಂದಿ," ಅಂದಳು.

"ಹೂಂ."

ಅವನು ಕೋಲು ದೂಡಿದ. ಬಲಗೈ ಎದ್ದು ಬಿತ್ತು. ಮುಂಜಾನೆಗಿಂತ ಚೂರು ಮೇಲೆ ಎದ್ದಿತ್ತು.

"ಹೊಡೀ," ಅಂದ.

ಅವಳು ಒತ್ತಿದಳು. ಗುಂಡಿಗಳು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಅಡುಗೆಮನೆಯಿಂದ ಸತ್ಯವ್ವ ಇಣುಕಿ, "ಇಬ್ರೂ ಆಡಾಕತ್ತೀರೇನು? ಆಡ್ರಿ, ಆಡ್ರಿ. ರೊಟ್ಟಿ ನಾ ಬಡೀತೇನಿ," ಅಂದು ಹಗುರಾಗಿ ಒಳಗೆ ಹೋದಳು.

ಟಿವಿಯಲ್ಲಿ ಬಲಗಡೆಯವನು ಮುಷ್ಟಿ ಎತ್ತಿ, ಮೊಣಕಾಲು ಚೂರು ಬಗ್ಗಿಸಿ, ಉಸಿರಾಡುತ್ತ ನಿಂತಿದ್ದ. ಒದೆ ಬಿತ್ತು. ಕೆಡೆದ. ತಾನಾಗೇ ಎದ್ದು ಅದೇ ಜಾಗದಲ್ಲಿ ಮುಷ್ಟಿ ಎತ್ತಿ ನಿಂತ. ಮತ್ತೆ ಒದೆ ಬಿತ್ತು.

"ಹೊಡೀ," ಅಂದ ಅಂಬರೀಷ.

ಅವಳು ಎರಡೂ ಹೆಬ್ಬೆರಳುಗಳಿಂದ ಒತ್ತುತ್ತಲೇ ಇದ್ದಳು.