ಶಾಫ್ಟಿಗೆ ಹೋಗುವ ದಾರಿ

ಚಿನ್ನದ ಗಣಿಯ ಕಾಲೋನಿ ಮೈಸೂರು ಮೈನ್ಸಿನ ನಕ್ಷೆಯಲ್ಲಿ ತಪ್ಪು ಹುಡುಕಲು ಕೂತ ಇಂದ್ರಾಣಿಗೆ ಸಿಕ್ಕ ಮೊದಲ ತಪ್ಪು ಅವಳದೇ ಆಗಿತ್ತು.

ಯಾರು ಬೇಕಾದರೂ ಗೆರೆ ಎಳೆಯಬಹುದಾದ ಅಂತರ್ಜಾಲದ ನಕ್ಷೆ ಅದು. ಎಳೆದದ್ದು ನೆಲದ ಮೇಲೆ ಇದೆಯೋ ಇಲ್ಲವೋ ಎಂದು ಯಾರಾದರೂ ಹೋಗಿ ನೋಡಬೇಕಲ್ಲ? ಬಂಗಾರಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಇಂದ್ರಾಣಿ ಆ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡಿದ್ದಳು. ಕಾರಣ, ನೆರೆಮನೆಯ ಮುತ್ಯಾಲಮ್ಮ. ಹೋದ ವಾರ ಆಕೆಗೆ ಉಸಿರು ಕಟ್ಟಿದಾಗ ಆಂಬುಲೆನ್ಸಿನವನು ನಕ್ಷೆ ನಂಬಿ ಮೇನ್‌ರೋಡಿನಿಂದ ಅಡ್ಡದಾರಿಗೆ ತಿರುಗಿದ್ದ. ಎದುರಿಗೆ ಗೋಡೆ. ಹಿಂದೆ ಹೋಗಿ ಸುತ್ತಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮುದುಕಿ ಉಳಿದದ್ದೇ ಹೆಚ್ಚು.

ಆ ದಾರಿ ಎಳೆದ ಪುಣ್ಯಾತ್ಮರು ಯಾರೆಂದು ನೋಡಿದರೆ, ತನ್ನದೇ ಹೆಸರು. ಮೂರು ವರ್ಷದ ಹಿಂದೆ ಅಪ್ಪ ಆರುಮುಗಂ ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಕಣ್ಣುಮುಚ್ಚಿ ಎಳೆದಿದ್ದಳು. ಗಣಿಯ ಸೈರನ್ ಕೂಗಿದರೆ ಅಪ್ಪ ಪಾಳಿಗೆಂದು, ಆಳಕ್ಕಿಳಿಯುವ ಶಾಫ್ಟಿಗೆ ನಡೆಯುತ್ತಿದ್ದದ್ದು ಅದೇ ದಾರಿಯಲ್ಲಿ. ಗಣಿ ಮುಚ್ಚಿದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಕೇಳಿದವರಿಗೆ ದಾರಿ ಮಾತ್ರ ಇವತ್ತಿಗೂ ಹೇಳುತ್ತಿದ್ದರು. ಇಂದ್ರಾಣಿಗೆ ನಾಚಿಕೆಯಾಯಿತು, ಅಪ್ಪನ ಮೇಲೆ ಸಿಟ್ಟೂ ಬಂತು.

"ಗೋಡೆ ಎಲ್ಲೈತೆ? ಇಪ್ಪತ್ತೆಂಟು ವರ್ಷ ನಡ್ದಿದೀನಿ, ನಂಗೊತ್ತಿಲ್ವಾ?" ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅಂಗಾರೆ ಬಾಪ್ಪಾ, ನೋಡ್ಕೊಂಡು ಬರಾನ."

ಸ್ಕೂಟರಿನಲ್ಲಿ ಕೂರಿಸಿಕೊಂಡು ಮೇನ್‌ರೋಡಿನ ಕಡೆಯಿಂದ ಹೋದಳು. ಗೋಡೆ ಆಳೆತ್ತರಕ್ಕಿತ್ತು, ಬುಡದಲ್ಲಿ ಜಾಲಿ ಬೆಳೆದಿತ್ತು. ಅಪ್ಪ ಅದನ್ನು ಅಂಗೈಯಿಂದ ಅಲ್ಲಲ್ಲಿ ತಟ್ಟಿ ನೋಡಿದರು.

"ಆಚೆಗೆ ದಾರಿ ಅಂಗೇ ಇರ್ತೈತೆ."

"ಇರ್ಬೋದಪ್ಪಾ. ಗಾಡಿ ಓಗಲ್ಲ. ನಾನು ಅಳ್ಸಲೇಬೇಕು." ಹೇಳುವಾಗ ಅವಳಿಗೆ ಸಂಕಟವಾಯಿತು, ಆದರೆ ಮಾತು ಬದಲಿಸಲಿಲ್ಲ.

"ಅಳ್ಸು," ಎಂದರು ಅಪ್ಪ. "ಬರೀ ಅಳ್ಸಿದ್ರೆ ಆಂಬುಲೆನ್ಸಿನೋರು ಎಲ್ಲಿಂದ ಬತ್ತಾರೆ? ಸುತ್ತುದಾರಿ ಬರ್ಕೋ. ನಡಿ."

ಮುತ್ಯಾಲಮ್ಮನ ಮನೆಯವರೆಗೂ ನಡೆದೇ ಹೋಗೋಣ, ಸ್ಕೂಟರ್ ಬೇಡವೆಂದರು. ಗಣಿಯ ಧೂಳು ಕುಡಿದ ಎದೆ, ನೂರು ಹೆಜ್ಜೆಗೊಮ್ಮೆ ನಿಲ್ಲಬೇಕಿತ್ತು. ನಿಂತಾಗೆಲ್ಲ ಎರಡೂ ಕೈ ಚಾಚಿ ಓಣಿಯ ಅಗಲ ನೋಡಿ, "ಗಾಡಿ ಇಡಿಸ್ತೈತೆ, ಬರ್ಕೋ," ಎನ್ನುತ್ತಿದ್ದರು. ಇಂದ್ರಾಣಿಯ ಫೋನು ಅವರು ನಡೆದಷ್ಟನ್ನೂ ಗೆರೆ ಮಾಡಿಕೊಳ್ಳುತ್ತಿತ್ತು.

ಮುತ್ಯಾಲಮ್ಮ ಬಾಗಿಲಲ್ಲೇ ಕೂತಿದ್ದಳು. "ಏನಣ್ಣಾ, ಈ ಕಡೆಯಿಂದ ಬಂದೆ?"

ಅಪ್ಪ ಜಗಲಿಯ ಮೇಲೆ ಕುಸಿದು ಕೂತು ಉಸಿರು ತೆಗೆದುಕೊಂಡರು.

"ಶಾಫ್ಟ್ ದಾರಿ ಮುಚ್ಚೋಯ್ತು ಕಣಮ್ಮಾ."

ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿತ್ತು. ಅಪ್ಪನ ಬಾಯಲ್ಲಿ 'ಮುಚ್ಚೋಯ್ತು' ಎಂಬ ಮಾತನ್ನು ಇಂದ್ರಾಣಿ ಕೇಳಿದ್ದು ಅದೇ ಮೊದಲು.