ಈ ಶನಿವಾರ ಬರಬ್ಯಾಡ್ರಿ

ಶನಿವಾರ ಬಂತೆಂದರೆ ರೂಪಾಲಿಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಬೆಳಗಾವಿಯ ಆಟೋ ನಗರದ ಫ್ಯಾಕ್ಟರಿಯಲ್ಲಿ ಕೈ ತನ್ನ ಪಾಡಿಗೆ ಮಷೀನು ನಡೆಸುತ್ತಿತ್ತು, ಜೀವ ಮಾತ್ರ ಖಾನಾಪುರದ ರಸ್ತೆ ಹಿಡಿದಿರುತ್ತಿತ್ತು. ಗಂಡ ಸಂಜಯನಿಗೆ ಖಾನಾಪುರದಾಚೆ ಒಂದು ನರ್ಸರಿಯಲ್ಲಿ ಸಸಿ ಬೆಳೆಸುವ ಕೆಲಸ. ಶನಿವಾರ ಕೆಲಸ ಬಿಡುವ ಹೊತ್ತಿಗೆ ಅಲ್ಲಿನ ಬಸ್ಸು ಹೋಗಿರುತ್ತದೆ. ಅದಕ್ಕೆ ಸೈಕಲ್ ಮೇಲೇ ಬೆಳಗಾವಿಗೆ ಬರುತ್ತಿದ್ದ. ಮದುವೆಯಾಗಿ ವರ್ಷ ತುಂಬದ ಆ ಇಬ್ಬರಿಗೆ ಸಿಗುತ್ತಿದ್ದುದು ಒಂದೇ ರವಿವಾರ. ಹೋದ ವಾರ ಮಳೆ ಅದನ್ನೂ ಕಸಿದಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸಂಜಯನ ಫೋನ್ ಬಂತು.

"ಇವತ್ತ ನಾ ಬರಾಂವನ. ಸೈಕಲ್ಲಿನ ಡಿಸ್ಕ್ ಬ್ರೇಕ್ ಒಂದೀಟು ಹಿಡೀವಲ್ದು. ಇರ್ಲಿ, ಸಾವಕಾಶ ಬರ್ತೇನಿ."

ರೂಪಾಲಿ ಬುತ್ತಿ ಬದಿಗಿಟ್ಟಳು. ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ ಗೆಳತಿ ಪ್ರಮಿಳಾಗೆ ಫೋನ್ ಕೊಟ್ಟಳು. ಪ್ರಮಿಳಾ ಫ್ಯಾಕ್ಟರಿಯ ಎದುರಿಗೇ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಾಳೆ.

"ಸಂಜಯಣ್ಣಾ, ಲಿವರ್ ಒತ್ತಿ ನೋಡ್ರಿ. ಗಟ್ಟಿ ಐತೋ, ಮೆತ್ತಗೈತೋ?"

"ಹಿಂದಿಂದು ಸ್ಪಂಜಿನಂಗ ಮೆತ್ತಗ. ಹ್ಯಾಂಡಲ್ ತನಕಾ ಬರತೈತಿ. ಮುಂದಿಂದು ಗಟ್ಟಿ ಐತಿ, ಆದ್ರ ಗಾಲಿ ನಿಂದ್ರವಲ್ದು."

"ಹಿಂದಿನ ಪೈಪಿನ್ಯಾಗ ಗಾಳಿ ಹೊಕ್ಕೈತಿ, ಇಲ್ಲಾ ಪೈಪಿನೊಳಗ ಬ್ರೇಕ್ ಒತ್ತೂ ಎಣ್ಣಿ ಸೋರೈತಿ. ಮುಂದಿಂದಕ್ಕ ಏನರ ಹಚ್ಚೀರೇನು?"

"ಕಿರ್ರ್ ಅಂತಿತ್ತು. ಚೈನಿಗೆ ಹಾಕೂ ಎಣ್ಣಿ ನಾಕು ಹನಿ ಬಿಟ್ಟೆ."

ಪ್ರಮಿಳಾ ಹಣೆ ಬಡಿದುಕೊಂಡಳು. "ಆ ಸೈಕಲ್ ಹತ್ತಬ್ಯಾಡ್ರಿ!"

"ಏ, ಎರಡು ವಾರ ಆತು ಮನಿ ಕಂಡು..." ಸಂಜಯನ ದನಿ ಸಣ್ಣಗಾಯಿತು.

ರೂಪಾಲಿ ಫೋನ್ ಇಸಿದುಕೊಂಡಳು. ಬರ್ರಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. "ಈ ಶನಿವಾರ ಬರಬ್ಯಾಡ್ರಿ," ಅಂದಳು. ಆಮೇಲೆ ಅವಳಿಗೆ ಬುತ್ತಿ ಸೇರಲಿಲ್ಲ.

ಮನೆಯಲ್ಲಿ ಅತ್ತೆ ಕಾಡವ್ವ ಮಗನಿಗೆಂದು ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ಸುದ್ದಿ ಕೇಳಿ ಸಿಟ್ಟಾದಳು. "ಗಂಡಗ ಬರಬ್ಯಾಡ ಅಂದಿಯಲ್ಲ, ಎಂಥಾಕಿ ನೀ? ಬಾಗಲಾ ಕಿರ್ ಅಂದ್ರ ಎಣ್ಣಿ ಬಿಡೂದಿಲ್ಲೇನು? ಅದಕ್ಯಾಕ ಇಷ್ಟ ಹೆದರಕಿ?"

"ನಾಳೆ ಪ್ರಮಿಳಾನ್ನ ಕರಕೊಂಡು ನಾವ ಹೋಗೂಣು ಬರ್ರಿ, ಅತ್ತಿ. ಸೈಕಲ್ ಅಲ್ಲೇ ರಿಪೇರಿ ಆಗತೈತಿ," ಅಂದಳು ರೂಪಾಲಿ.

ರವಿವಾರ ಮೂವರೂ ಬಸ್ಸು ಹಿಡಿದು ಹೋದರು. ಸಂಜಯ ನರ್ಸರಿಯ ಗೇಟಿನಲ್ಲೇ ನಿಂತಿದ್ದ. ಪ್ರಮಿಳಾ ಅವನಿಗೆ ಅಂಗಳದಲ್ಲಿ ಸೈಕಲ್ ಸಾವಕಾಶ ಬಿಡಲು ಹೇಳಿದಳು. ಎರಡೂ ಬ್ರೇಕ್ ಒತ್ತಿದರೂ ಸೈಕಲ್ ನಿಲ್ಲದೆ ಸಸಿಗಳ ಸಾಲಿಗೆ ನುಗ್ಗಿತು.

ಕಾಡವ್ವ ಓಡಿಹೋಗಿ ಮಗನ ತೋಳು ಹಿಡಿದಳು. "ಇದರ ಮ್ಯಾಲ ಲಾರಿ ಓಡೂ ರಸ್ತೇಲೆ ಬರಾಂವ ಇದ್ದೇನೋ, ನನ್ನಪ್ಪಾ?"

"ಯವ್ವಾ, ಬಾಗಲಾ ಸರಾಗ ತಿರಗಬೇಕು, ಅದಕ್ಕ ಎಣ್ಣಿ," ಅಂದಳು ಪ್ರಮಿಳಾ. "ಬ್ರೇಕ್ ಗಾಲಿನ್ನ ಬಿಗಿ ಹಿಡದು ನಿಂದರಸಬೇಕು. ಎಣ್ಣಿ ಕೈಲೆ ಬಾವಿ ಹಗ್ಗಾ ಹಿಡದ್ರ ಜಾರೂದಿಲ್ಲೇನು?"

ಮುಂದಿನ ಬ್ರೇಕಿನಲ್ಲಿ ಎಣ್ಣೆ ಕುಡಿದಿದ್ದ ಪ್ಯಾಡು ತೆಗೆದು ತಾನು ತಂದಿದ್ದ ಹೊಸದು ಹಾಕಿದಳು. ಪ್ಯಾಡು ಕಚ್ಚಿ ಹಿಡಿಯುವ ಗಾಲಿಯ ಡಿಸ್ಕಿಗೆ ಬರಿಗೈ ತಾಗಿಸದೆ ಸ್ಪಿರಿಟಿನಿಂದ ಒರೆಸಿದಳು. ಹಿಂದಿನ ಪೈಪು ಎಲ್ಲೂ ಸೋರುತ್ತಿಲ್ಲವೆಂದು ನೋಡಿ, ಗಾಳಿ ತೆಗೆದು, ಆ ಬ್ರೇಕಿಗೆ ಕಂಪನಿ ಹೇಳಿದ ಎಣ್ಣೆಯನ್ನೇ ತುಂಬಿದಳು. ಲಿವರ್ ಗಟ್ಟಿಯಾಯಿತು. ಹೊಸ ಪ್ಯಾಡು ಕೂಡಿಕೊಳ್ಳಲೆಂದು ಸಂಜಯನಿಂದ ಅಂಗಳದಲ್ಲೇ ಹತ್ತಾರು ಸಲ ಓಡಿಸಿ, ಬ್ರೇಕ್ ಹಿಡಿಸಿ ನೋಡಿದಳು.

ಗಂಡ ಹೆಂಡತಿಗೆ ಮಾತಿಗೆ ಸಿಕ್ಕಿದ್ದು ಹೋಳಿಗೆ ತಿನ್ನುವಷ್ಟು ಹೊತ್ತು. ಬಸ್ಸು ಹೊರಟಾಗ ರೂಪಾಲಿ ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದಳು. ಇನ್ನೊಂದು ವಾರ ಕಾಯಬೇಕು. ಕಾಯಲಿಕ್ಕೆ ಅವನಿದ್ದಾನಲ್ಲ ಎಂದು ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಕುಳಿತ ಕಾಡವ್ವ ಸೊಸೆಯ ಕೈ ಹಿಡಿದುಕೊಂಡಳು. "ಬರಬ್ಯಾಡ ಅಂದದ್ದ ಚಲೋ ಆತವ್ವಾ," ಅಂದಳು.

ಓದುವ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ನಿಮ್ಮ ಮನೆಯಲ್ಲೂ ಡಿಸ್ಕ್ ಬ್ರೇಕಿನ ಸೈಕಲ್ ಇದೆಯೇ? ಹತ್ತುವ ಮೊದಲು ಎರಡೂ ಲಿವರ್ ಒತ್ತಿ ನೋಡಿ. ಮೆತ್ತಗಿದ್ದರೆ, ಗಾಲಿ ನಿಲ್ಲದಿದ್ದರೆ, ಬಲ್ಲವರ ಕೈಗೆ ಕೊಡಿ. ಕಿರುಗುಟ್ಟಿದರೆ ಎಣ್ಣೆ ಮಾತ್ರ ಬಿಡಬೇಡಿ. ಮನೆಯವರು ಎಷ್ಟೇ ನೆನಪಾದರೂ, ಹಿಡಿಯದ ಬ್ರೇಕಿನ ಮೇಲೆ ಹೊರಡಬೇಡಿ. ತಡವಾಗಿ ಬಂದರೂ ಬಾಗಿಲು ತೆರೆಯುವವರು ಇದ್ದೇ ಇರುತ್ತಾರೆ.